ಗೋಲ್ಡ್ ದರ್ಜೆ ಉಳಿಸಿಕೊಳ್ಳೋಕೆ ದೆಹಲಿ ಸುತ್ತಿಕೊಂಡು ಸ್ಟುಟ್‌ಗಾರ್ಟ್‌ಗೆ ಹೋಗಬೇಕಾ?

ಪೀಣ್ಯ ಎರಡನೇ ಹಂತ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಫೀಸಿನ ಕೆಲಸಕ್ಕೆ ಪದೇ ಪದೇ ವಿಮಾನ ಹತ್ತುವವರ ಸಲಹೆ ಬೇಕಾಗಿದೆ.

ನಾನು ಪೀಣ್ಯದ ಒಂದು ಮಷಿನ್ ಟೂಲ್ ಕಂಪನಿಯಲ್ಲಿ ಅಪ್ಲಿಕೇಶನ್ ಎಂಜಿನಿಯರ್. ನಮ್ಮ ಮುಖ್ಯ ಗಿರಾಕಿಗಳು ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಮುತ್ತ ಇದ್ದಾರೆ. ಎರಡು ಮೂರು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಲೇಬೇಕು. ಮಧ್ಯೆ ಪುಣೆ, ಗುರುಗ್ರಾಮದ ಓಡಾಟ ಬೇರೆ. ಮೊದಲು ದೇಶದೊಳಗೆ ವಿಸ್ತಾರದಲ್ಲೇ ಹೋಗುತ್ತಿದ್ದೆ. 2024ರ ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದೊಳಗೆ ಸೇರಿತು. ಪದೇ ಪದೇ ಹಾರುವವರಿಗೆ ಪಾಯಿಂಟ್, ದರ್ಜೆ ಕೊಡುವ ಯೋಜನೆ ಇರುತ್ತದಲ್ಲ, ವಿಸ್ತಾರದ ಅಂಥ ಯೋಜನೆಯಾದ ಕ್ಲಬ್ ವಿಸ್ತಾರದ ನನ್ನ ಖಾತೆ ಏರ್ ಇಂಡಿಯಾದ ಮಹಾರಾಜ ಕ್ಲಬ್‌ಗೆ ಬಂತು, ಗೋಲ್ಡ್ ದರ್ಜೆಯೂ ಜೊತೆಗೇ ಬಂತು. ವಿಸ್ತಾರ ವಿಮಾನ ಸಂಸ್ಥೆಗಳ ಯಾವ ಒಕ್ಕೂಟದಲ್ಲೂ ಇರಲಿಲ್ಲ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಅನ್ನುವ ಒಕ್ಕೂಟದಲ್ಲಿದೆ. ಹಾಗಾಗಿ ಈಗ ನನ್ನದು ಸ್ಟಾರ್ ಅಲಯನ್ಸ್ ಗೋಲ್ಡ್ ಕೂಡ.

ಇದರಿಂದ ನನಗೆ ನಿಜವಾಗಿ ಉಪಯೋಗ ಇದೆ. ಲೌಂಜ್ ಊಟದ ಮಾತು ಹೇಳುತ್ತಿಲ್ಲ. ನಾನು ಜೊತೆಗೆ ಒಯ್ಯುವುದು ಫಿಕ್ಸ್ಚರ್, ಟೂಲ್ ಹೋಲ್ಡರ್, ಗೇಜ್, ಮಷಿನ್ ಮಾಡಿದ ಸ್ಯಾಂಪಲ್ ತುಂಡುಗಳು. ಎಲ್ಲ ಉಕ್ಕು. ಪೆಟ್ಟಿಗೆ ಅರ್ಧ ತುಂಬುವಷ್ಟರಲ್ಲೇ ತೂಕದ ಮಿತಿ ಮುಗಿದಿರುತ್ತದೆ. ಗೋಲ್ಡ್ ಇದ್ದರೆ ಇನ್ನೊಂದು ಬ್ಯಾಗ್, ಇಲ್ಲವೇ ತೂಕದ ಲೆಕ್ಕ ಇರುವ ಕಡೆ 20 ಕೆಜಿ ಜಾಸ್ತಿ ಸಿಗುತ್ತದೆ. ಈ ಒಂದು ಸೌಲಭ್ಯದಿಂದ ನಮ್ಮ ಸ್ಟೋರ್ಸ್‌ನವರು ಕೊರಿಯರ್ ಬುಕ್ ಮಾಡುವುದು ತಪ್ಪಿದೆ. ಗಿರಾಕಿ ಹತ್ತಿರ ಹೋದ ದಿನವೇ ತುಂಡನ್ನು ಮೇಜಿನ ಮೇಲಿಟ್ಟು ಮಾತಾಡುವುದಕ್ಕೂ, "ಸ್ಯಾಂಪಲ್ ಕಸ್ಟಮ್ಸ್‌ನಲ್ಲಿದೆ, ಬರುತ್ತೆ" ಅನ್ನುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ತೊಂದರೆ ಇರುವುದು ದಾರಿಯಲ್ಲಿ. ದರ್ಜೆ ಉಳಿಯಲಿ ಅಂತ ನಾನು ಟ್ರಾವೆಲ್ ಡೆಸ್ಕ್‌ಗೆ ಹೇಳಿ ಬೆಂಗಳೂರು–ದೆಹಲಿ–ಫ್ರಾಂಕ್‌ಫರ್ಟ್ ತೆಗೆದುಕೊಳ್ಳುತ್ತಿದ್ದೇನೆ. ಅಲ್ಲಿಂದ ಸ್ಟುಟ್‌ಗಾರ್ಟ್‌ಗೆ ರೈಲು. ಪಶ್ಚಿಮಕ್ಕೆ ಹೋಗಬೇಕಾದವಳು ಮೊದಲು ಸುಮಾರು 1,700 ಕಿಲೋಮೀಟರ್ ಉತ್ತರಕ್ಕೆ ಹೋಗುತ್ತೇನೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಮಾರ್ಗವನ್ನು ಭಾರತದ ವಿಮಾನ ಸಂಸ್ಥೆಗಳಿಗೆ ಮುಚ್ಚಿತು. ಆಮೇಲೆ ನಮ್ಮ ವಿಮಾನಗಳು ದೆಹಲಿಯಿಂದ ಹೊರಟು ಮತ್ತೆ ತೆಂಕಣಕ್ಕೆ ಬಂದು, ಅರಬ್ಬಿ ಸಮುದ್ರದ ಕಡೆಯಿಂದ ಯುರೋಪಿಗೆ ಹೋಗಬೇಕಾಯಿತು. ಇದರಲ್ಲಿ ಯಾವ ಸಂಸ್ಥೆಯದೂ ತಪ್ಪಿಲ್ಲ. ಆದರೆ ಕಿಟಕಿ ಪಕ್ಕದ ಪರದೆಯಲ್ಲಿ ಆ ನಕ್ಷೆ ನೋಡುವಾಗ ಹೊಟ್ಟೆ ಉರಿಯುತ್ತದೆ.

ವಾಪಸ್ ಬರುವಾಗ ಇನ್ನೂ ಕಷ್ಟ. ಭಾರತಕ್ಕೆ ಕಾಲಿಟ್ಟ ಮೊದಲ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಬೆಲ್ಟಿನಿಂದ ಎಲ್ಲ ಪೆಟ್ಟಿಗೆ ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ಬೆಂಗಳೂರಿಗೆ ಮತ್ತೆ ಒಪ್ಪಿಸಿ, ಮತ್ತೆ ಸೆಕ್ಯುರಿಟಿ ಸಾಲಿನಲ್ಲಿ ನಿಲ್ಲಬೇಕು. ಉಕ್ಕಿನ ಪೆಟ್ಟಿಗೆ ಎತ್ತಿ ಇಳಿಸಿ ನನ್ನ ಸೊಂಟ ಈಗ ಮೊದಲಿನಂತಿಲ್ಲ. ದೇವನಹಳ್ಳಿಗೆ ಬಂದಿಳಿದ ಮೇಲೆ ನಾಗಸಂದ್ರದ ಮನೆಗೆ ಟ್ಯಾಕ್ಸಿ ಪ್ರಯಾಣ ಇನ್ನೂ ಬಾಕಿ ಇರುತ್ತದೆ.

ನನ್ನ ಗೋಲ್ಡ್ ಅವಧಿ ಮಾರ್ಚಿಗೆ ಮುಗಿಯುತ್ತದೆ. ಇನ್ನು ಸ್ವಲ್ಪ ಪಾಯಿಂಟ್ ಬೇಕು. ಫೆಬ್ರವರಿಯಲ್ಲಿ ಒಂದು ಸ್ಟುಟ್‌ಗಾರ್ಟ್ ಪ್ರಯಾಣ ಇದೆ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ, ಆ ವಾರವೇ ಅವಳಿಗೆ ಪೂರ್ವಸಿದ್ಧತಾ ಪರೀಕ್ಷೆ. ನೇರ ವಿಮಾನದಲ್ಲಿ ಹೋದರೆ ಹೋಗುವಾಗ ಅರ್ಧ ದಿನ, ಬರುವಾಗ ಅರ್ಧ ದಿನ ಮನೆಗೆ ಉಳಿಯುತ್ತದೆ. ದೆಹಲಿ ಮೇಲೆ ಹೋದರೆ ಗೋಲ್ಡ್ ಉಳಿಯುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಟಿಕೆಟ್ ಕಂಪನಿಯದು, ಎರಡರ ದರವೂ ನಮ್ಮ ಪಾಲಿಸಿಯ ಮಿತಿಯೊಳಗೇ ಇದೆ.

ಟ್ರಾವೆಲ್ ಡೆಸ್ಕ್ ಹಳಬ ಉತ್ತರ:

ಮೇಡಂ, ನಾನು ಬೆಂಗಳೂರಿನ ಐಟಿ ಕಂಪನಿಗಳ ಟ್ರಾವೆಲ್ ಡೆಸ್ಕ್‌ಗಳಲ್ಲೇ ಕೆಲಸ ಮಾಡಿಕೊಂಡು ಬಂದವನು. ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಒಂದಕ್ಕೊಂದು ಅಂಟಿಕೊಂಡಿವೆ. ಅವನ್ನು ಬಿಡಿಸಿದರೆ ದಾರಿ ಸಿಗುತ್ತದೆ.

ಒಂದು, ಗೋಲ್ಡ್ ಬಳಸುವುದು. ನಿಮ್ಮದು ಸ್ಟಾರ್ ಅಲಯನ್ಸ್ ಗೋಲ್ಡ್. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ಹೋಗುವ ಲುಫ್ತಾನ್ಸಾ ಕೂಡ ಅದೇ ಒಕ್ಕೂಟದ್ದು. 1997ರಲ್ಲಿ ಒಕ್ಕೂಟ ಕಟ್ಟಿದ ಐದು ಸಂಸ್ಥೆಗಳಲ್ಲಿ ಅದೂ ಒಂದು. ಅಂದರೆ ನೇರ ವಿಮಾನದಲ್ಲೂ ನಿಮಗೆ ಬೇರೆ ಚೆಕ್-ಇನ್ ಸಾಲು, ಮೊದಲು ಹತ್ತುವ ಅವಕಾಶ, ಹೆಚ್ಚಿನ ಬ್ಯಾಗ್, ಲೌಂಜ್ ಎಲ್ಲ ಇದೆ. ಬುಕ್ ಮಾಡುವಾಗ ನಿಮ್ಮ ಮಹಾರಾಜ ಕ್ಲಬ್ ಸಂಖ್ಯೆಯನ್ನು ಪಿಎನ್‌ಆರ್‌ನಲ್ಲಿ ಹಾಕಿಸಿದರೆ ಸಾಕು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ. ಯಾವ ಸಂಸ್ಥೆಯ ಕಾರ್ಡೋ ಆ ಸಂಸ್ಥೆಯ ವಿಮಾನವನ್ನೇ ಹತ್ತಬೇಕು ಅಂದುಕೊಂಡು ಸುಮ್ನೆ ಸುತ್ತುತ್ತಾರೆ.

ಪೆಟ್ಟಿಗೆ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಬ್ಯಾಗ್ ಸೇರದ ಅಗ್ಗದ ದರದ ಟಿಕೆಟ್‌ಗಳಲ್ಲಿ ನಿಯಮ ಬೇರೆ ಇರಬಹುದು. ಬುಕ್ ಮಾಡುವ ಮೊದಲೇ ನಿಮ್ಮ ಏಜೆಂಟ್ ಕೈಲಿ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಒಂದೊಂದು ಬ್ಯಾಗ್ ಎಷ್ಟು ಕೆಜಿ ಇರಬಹುದು ಅನ್ನುವುದನ್ನೂ ಕೇಳಿ. ಇನ್ನೊಂದು ಬ್ಯಾಗ್ ಕೊಡುತ್ತಾರೆ ಅಂದರೆ ಒಂದೇ ಪೆಟ್ಟಿಗೆಯಲ್ಲಿ ಎಲ್ಲ ಉಕ್ಕನ್ನೂ ತುಂಬಬಹುದು ಅಂತ ಅರ್ಥ ಅಲ್ಲ.

ಎರಡನೆಯದು, ಗೋಲ್ಡ್ ಗಳಿಸುವುದು. ಇಲ್ಲಿ ಒಂದು ಹಳೆಯ ನಂಬಿಕೆ ಇನ್ನೂ ಉಳಿದಿದೆ. ಹಿಂದೆ ಹಾರಿದ ದೂರಕ್ಕೆ ಪಾಯಿಂಟ್ ಬರುತ್ತಿತ್ತು, ಸುತ್ತಿ ಹೋದರೆ ಜಾಸ್ತಿ ಸಿಗುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಏರ್ ಇಂಡಿಯಾ ತನ್ನ ಯೋಜನೆಯನ್ನು ಬದಲಾಯಿಸಿತು. ಆಗಿನಿಂದ ಅವರ ಸ್ವಂತ ವಿಮಾನಗಳಲ್ಲಿ ಲೆಕ್ಕ ರೂಪಾಯಿಯದು. ಖರ್ಚು ಮಾಡಿದ ಪ್ರತಿ ನೂರು ರೂಪಾಯಿಗೆ ಇಷ್ಟು ಅಂತ. ಹಾಗಾಗಿ ದೆಹಲಿ ಸುತ್ತಿದ್ದಕ್ಕೆ ಅಂತಲೇ ನಿಮಗೆ ಏನೂ ಜಾಸ್ತಿ ಬಂದಿಲ್ಲ. ಬಂದದ್ದು ಟಿಕೆಟ್‌ನ ಬೆಲೆಗೆ. ಲುಫ್ತಾನ್ಸಾ ಟಿಕೆಟ್‌ಗೂ ನಿಮ್ಮ ಖಾತೆಗೆ ಪಾಯಿಂಟ್ ಬರುತ್ತದೆ, ಆದರೆ ಅಲ್ಲಿ ನೋಡುವುದು ಬುಕಿಂಗ್ ಕ್ಲಾಸ್‌ನ ಅಕ್ಷರವನ್ನು, ಅಂದರೆ ಟಿಕೆಟ್‌ನ ದರದ ವರ್ಗ ತಿಳಿಸುವ ಅಕ್ಷರವನ್ನು. ತೀರಾ ಅಗ್ಗದ ಅಕ್ಷರಕ್ಕೆ ಬಹಳ ಕಡಿಮೆ ಬರಬಹುದು. ಟಿಕೆಟ್ ಮಾಡಿಸುವ ಮೊದಲು ಆ ಪಟ್ಟಿ ನೋಡಿ.

ಗುರುಗ್ರಾಮ, ಪುಣೆ ಓಡಾಟ ಹೇಗೂ ಇದೆ ಅಂದಿರಿ. ಅವನ್ನು ಏರ್ ಇಂಡಿಯಾದಲ್ಲಿ ಮಾಡಿ, ಉಳಿದ ಪಾಯಿಂಟ್ ಅಲ್ಲಿ ತುಂಬಿಕೊಳ್ಳಿ. ಬೆಂಗಳೂರು–ದೆಹಲಿ ಮಧ್ಯೆ ಹೊತ್ತು ಹೊತ್ತಿಗೆ ವಿಮಾನ ಇದೆ, ಅಲ್ಲಿ ಯಾವ ಸುತ್ತೂ ಇಲ್ಲ. ಯುರೋಪಿಗೆ ನೇರ ಹೋಗಿ. ಮ್ಯೂನಿಕ್‌ಗೂ 2023ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ನೇರ ವಿಮಾನ ಶುರುವಾಯಿತು. ಸ್ಟುಟ್‌ಗಾರ್ಟ್‌ಗೆ ಫ್ರಾಂಕ್‌ಫರ್ಟ್ ದಾರಿಯೇ ಸಲೀಸು, ಆದರೂ ಸೀಟು ಸಿಗದ ದಿನ ಮ್ಯೂನಿಕ್ ನೆನಪಿರಲಿ.

ಕಾರ್ಡನ್ನೇ ಲುಫ್ತಾನ್ಸಾ ಕಡೆಗೆ ಬದಲಾಯಿಸುವ ಯೋಚನೆ ಬಂದರೆ ಒಂದು ಮಾತು. ಅವರ ಮೈಲ್ಸ್ ಅಂಡ್ ಮೋರ್ ಯೋಜನೆ 2024ರ ಜನವರಿಯಿಂದ ಪಾಯಿಂಟ್ ಲೆಕ್ಕಕ್ಕೆ ಬಂತು. ಆ ನಿಯಮದಲ್ಲಿ ಫ್ರೀಕ್ವೆಂಟ್ ಟ್ರಾವೆಲರ್ ದರ್ಜೆಗೆ 650, ಅದಕ್ಕೂ ಮೇಲಿನ ಸೆನೆಟರ್ ದರ್ಜೆಗೆ 2,000 ಪಾಯಿಂಟ್ ಬೇಕು. ಸ್ಟಾರ್ ಗೋಲ್ಡ್ ಸಿಗುವುದು ಸೆನೆಟರ್ ಆದ ಮೇಲೆ. ಎಕಾನಮಿಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಹೋಗಿ 2,000 ಮುಟ್ಟುವುದು ಆಗದ ಮಾತು. ಈಗಿನ ಕಾರ್ಡನ್ನೇ ಇಟ್ಟುಕೊಳ್ಳಿ.

ಗೋಥೆನ್‌ಬರ್ಗ್ ದಾವಣಗೆರೆ ಉತ್ತರ:

ನಮಸ್ಕಾರ. ನಾನು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದ್ದೇನೆ, ಟ್ರಕ್ ಎಂಜಿನ್ ಕೆಲಸ. ನಮ್ಮ ತಂಡದ ಅರ್ಧ ಜನ ಬೆಂಗಳೂರಿನಲ್ಲಿ ಇರುವುದರಿಂದ ಅಲ್ಲಿಗೆ ಬರುವುದು ಇದ್ದೇ ಇದೆ. ಹಳಬರು ಹೇಳಿದ್ದು ಸರಿ. ಅದಕ್ಕೆ ಒಂದು ವಿಷಯ ಸೇರಿಸುತ್ತೇನೆ.

ನನ್ನದು ಇಲ್ಲಿನ ಎಸ್‌ಎಎಸ್ ವಿಮಾನ ಸಂಸ್ಥೆಯ ಯೂರೋಬೋನಸ್ ಯೋಜನೆಯ ಗೋಲ್ಡ್. ಅದೂ ಸ್ಟಾರ್ ಅಲಯನ್ಸ್ ಗೋಲ್ಡೇ ಆಗಿತ್ತು. ಅದಕ್ಕೆ ಬೆಂಗಳೂರಿಗೆ ಬರುವಾಗಲೆಲ್ಲ ಫ್ರಾಂಕ್‌ಫರ್ಟ್ ದಾರಿ ಹಿಡಿಯುತ್ತಿದ್ದೆ. 2024ರ ಸೆಪ್ಟೆಂಬರ್ 1ರಂದು ಎಸ್‌ಎಎಸ್ ಸ್ಟಾರ್ ಬಿಟ್ಟು ಸ್ಕೈಟೀಮ್ ಅನ್ನುವ ಇನ್ನೊಂದು ಒಕ್ಕೂಟ ಸೇರಿತು. ಸ್ಟಾರ್ ಕಟ್ಟಿದ ಐದರಲ್ಲಿ ಅದೂ ಒಂದು, ಅದೇ ಹೊರಟುಹೋಯಿತು. ಆ ದಿನದಿಂದಲೇ ನನ್ನ ಗೋಲ್ಡ್ ಲುಫ್ತಾನ್ಸಾದಲ್ಲಿ ನಡೆಯಲಿಲ್ಲ, ಸ್ಕೈಟೀಮ್‌ನ ಕೆಎಲ್‌ಎಂ, ಏರ್ ಫ್ರಾನ್ಸ್‌ಗಳಲ್ಲಿ ನಡೆಯಿತು. ನನಗೆ ಆಮ್‌ಸ್ಟರ್‌ಡ್ಯಾಮ್ ದಾರಿ ಚೆನ್ನಾಗಿಯೇ ಹೊಂದಿತು, ಅಲ್ಲಿಂದ ಬೆಂಗಳೂರಿಗೆ ನೇರ ವಿಮಾನ ಇದೆ. ಆದರೆ ಅದೇ ಆಫೀಸಿನಲ್ಲಿ ಟೋಕಿಯೋ, ಸಿಂಗಪುರ ಕಡೆ ಹೋಗುವ ಗೆಳೆಯನಿಗೆ ಅವನ ದಾರಿಯ ಸಂಸ್ಥೆಗಳೆಲ್ಲ ಹಳೆಯ ಒಕ್ಕೂಟದಲ್ಲೇ ಉಳಿದವು. ವರ್ಷಗಟ್ಟಲೆ ಕೂಡಿಟ್ಟ ದರ್ಜೆ ಅವನ ದಾರಿಗೆ ಉಪಯೋಗಕ್ಕೆ ಬರಲಿಲ್ಲ.

ಆಮೇಲೆ ಬ್ರಿಟಿಷ್ ಏರ್‌ವೇಸ್‌ನವರು 2025ರ ಏಪ್ರಿಲ್‌ನಿಂದ ದರ್ಜೆಯನ್ನು ಖರ್ಚಿನ ಲೆಕ್ಕಕ್ಕೆ ತಂದರು. ಗೋಲ್ಡ್‌ಗೆ 20,000 ಟಿಯರ್ ಪಾಯಿಂಟ್ (ದರ್ಜೆಗೆ ಲೆಕ್ಕ ಹಾಕುವ ಪಾಯಿಂಟ್), ಸ್ಥೂಲವಾಗಿ ಒಂದು ಪೌಂಡ್ ಖರ್ಚಿಗೆ ಒಂದು ಪಾಯಿಂಟ್. ಸ್ವಂತ ದುಡ್ಡಿನಲ್ಲಿ ಸುತ್ತು ದಾರಿ ಹಿಡಿದು ಗೋಲ್ಡ್ ಮಾಡಿಕೊಳ್ಳುತ್ತಿದ್ದವರಿಗೆ ಆ ಬಾಗಿಲು ಮುಚ್ಚಿತು. ನಿಮ್ಮ ವಿಸ್ತಾರದ ಕಥೆಯೂ ಇದೇ ಜಾತಿಯದು, ನಿಮಗೆ ಒಳ್ಳೆಯದಾಯಿತು ಅಷ್ಟೇ. ಈ ಯೋಜನೆಗಳ ನಿಯಮ ನಮ್ಮ ಕೈಯಲ್ಲಿಲ್ಲ. ಹಾಗಿರುವಾಗ ಮಗಳ ಪರೀಕ್ಷೆಯ ವಾರವನ್ನು ಅದಕ್ಕೆ ಕೊಡಬೇಡಿ. ನಾನು ಇದನ್ನು ಮನಸಾರೆ ಹೇಳುತ್ತಿದ್ದೇನೆ. ಇಲ್ಲಿಂದ ಊರಿಗೆ ಬಂದು ಹೋಗುವ ನಮಗೆ ಅರ್ಧ ದಿನದ ಬೆಲೆ ಏನು ಅಂತ ಚೆನ್ನಾಗಿ ಗೊತ್ತು. ಅಮ್ಮನ ಜೊತೆ ಇನ್ನೊಂದು ಊಟ ಅದು.

ಇನ್ನೊಂದು ಉಪಯೋಗದ ಮಾತು. ಯುರೋಪಿನಲ್ಲಿ 261 ಅನ್ನುವ ನಿಯಮ ಇದೆ, 2004ರದು. ವಿಮಾನ ಯುರೋಪ್ ಒಕ್ಕೂಟದ ದೇಶದಿಂದ ಹೊರಡುತ್ತಿದ್ದರೆ ಅದು ಯಾವ ಸಂಸ್ಥೆಯದಾದರೂ ಈ ನಿಯಮ ಹಿಡಿಯುತ್ತದೆ. ಆದರೆ ಬೆಂಗಳೂರಿನಿಂದ ಯುರೋಪಿಗೆ ಹೋಗುವಾಗ ಯುರೋಪಿನ ಸಂಸ್ಥೆಯ ವಿಮಾನವಾದರೆ ಮಾತ್ರ ಹಿಡಿಯುತ್ತದೆ. ಕೊನೆಯ ಊರನ್ನು ಮೂರು ಗಂಟೆಗಿಂತ ತಡವಾಗಿ ಮುಟ್ಟಿ, ಅದು ಸಂಸ್ಥೆಯ ಕೈಮೀರಿದ ಕಾರಣದಿಂದ ಅಲ್ಲದಿದ್ದರೆ, 3,500 ಕಿಲೋಮೀಟರ್ ಮೇಲ್ಪಟ್ಟ ಪ್ರಯಾಣಕ್ಕೆ 600 ಯೂರೋ ತನಕ ಪರಿಹಾರ ಇದೆ. ಅದು ಪ್ರಯಾಣಿಕರಿಗೆ ಸೇರುವ ಹಣ. ಇದಕ್ಕೆ ಗೋಲ್ಡೂ ಬೇಡ, ಸಿಲ್ವರೂ ಬೇಡ. ಹೋಗುವ ದಾರಿ ಆರಿಸುವಾಗ ಇದನ್ನೂ ತೂಗಿ ನೋಡಿ.

ಹುಬ್ಬಳ್ಳಿ ಪಂಪ್‌ಸೆಟ್ ಉತ್ತರ:

ಅಕ್ಕಾರೇ, ನಾನು ಸ್ವಲ್ಪ ಬೇರೆ ಮಾತು ಹೇಳತೀನಿ, ಬೇಜಾರು ಮಾಡಿಕೋಬೇಡ್ರಿ.

ಬೆಂಗಳೂರಿನವರಿಗೆ ಆಯ್ಕೆ ಇದೆ, ಅದಕ್ಕೇ ಈ ಚರ್ಚೆ. ನಾನು ಹುಬ್ಬಳ್ಳಿಯವನು, ಪಂಪ್ ವ್ಯಾಪಾರ. ಇಲ್ಲಿಂದ ವಿಮಾನ ಬೆರಳೆಣಿಕೆಯಷ್ಟು. ಯಾವ ಊರಿಗೆ ಹೋಗಬೇಕಾದರೂ ಎಲ್ಲೋ ಒಂದು ಕಡೆ ಇಳಿದು ಹತ್ತಲೇಬೇಕು. ಎಷ್ಟೋ ಸಲ ಬೆಂಗಳೂರಿಗೆ ವಂದೇ ಭಾರತ್ ರೈಲಿನಲ್ಲಿ ಬಂದು, ಅಲ್ಲಿಂದ ವಿಮಾನ ಹತ್ತುತ್ತೇನೆ. ಧಾರವಾಡದಿಂದ ಆ ರೈಲು ಶುರುವಾಗಿದ್ದು 2023ರ ಜೂನ್‌ನಲ್ಲಿ, ನಮಗೆ ಬಹಳ ಅನುಕೂಲ ಆಯಿತು. ಸುತ್ತು ದಾರಿ ನಮಗೆ ಹುಟ್ಟಿನಿಂದಲೇ ಬಂದದ್ದು.

ಹಾಗೆ ಇಳಿದು ಹತ್ತುವವರಿಗೆ ದರ್ಜೆ ಇರಬೇಕು ಅಂತಲೇ ನನ್ನ ಅಭಿಪ್ರಾಯ. ಜನವರಿಯಲ್ಲಿ ಒಮ್ಮೆ ದೆಹಲಿಯಲ್ಲಿ ಮಂಜು. ಬೆಳಗಿನ ವಿಮಾನಗಳೆಲ್ಲ ನಿಂತವು. ಕೌಂಟರ್ ಮುಂದೆ ಸಾಲು ಗೋಡೆ ಮುಟ್ಟಿತ್ತು. ಮಕ್ಕಳನ್ನು ಎತ್ತಿಕೊಂಡವರು, ವಯಸ್ಸಾದವರು ಎಲ್ಲ ನಿಂತಿದ್ದರು, ನೋಡಿ ಕರುಳು ಚುರ್ ಅಂತು. ನನ್ನ ಹತ್ತಿರ ಕಾರ್ಡ್ ಇತ್ತು, ಬೇರೆ ಕೌಂಟರ್‌ಗೆ ಕಳಿಸಿದರು, ಅದೇ ಸಂಜೆಯ ವಿಮಾನದಲ್ಲಿ ಸೀಟು ಕೊಟ್ಟರು. ಮರುದಿನ ಹುಬ್ಬಳ್ಳಿಯಲ್ಲಿ ಟೆಂಡರ್ ತೆರೆಯುವುದಿತ್ತು, ಮುಟ್ಟಿದೆ. ಎಲ್ಲ ಸರಿ ಇರುವ ದಿನ ಈ ಕಾರ್ಡಿಗೆ ಬೆಲೆ ಇಲ್ಲ. ಕೆಟ್ಟ ದಿನ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

ನೀವು ಉಕ್ಕಿನ ಪೆಟ್ಟಿಗೆ ಒಯ್ಯುವವರು. ಗೋಲ್ಡ್ ಹೋದರೆ ಮುಂದಿನ ವರ್ಷ ಪೂರ್ತಿ ಪ್ರತಿ ಸಲ ಹೆಚ್ಚಿನ ಬ್ಯಾಗಿಗೆ ದುಡ್ಡು ಕೊಡಬೇಕು, ಇಲ್ಲವೇ ಕೊರಿಯರ್ ದಾರಿ ಕಾಯಬೇಕು. ದೇಶದೊಳಗಿನ ಓಡಾಟದಲ್ಲೇ ಪಾಯಿಂಟ್ ತುಂಬಿದರೆ ಸರಿ. ತುಂಬದೆ ಹೋದರೆ ಫೆಬ್ರವರಿದು ಒಂದು ಸಲ ಮಾತ್ರ ದೆಹಲಿ ಮೇಲೆ ಹೋಗಿಬಿಡ್ರಿ ಅಂತ ನಾನು ಹೇಳುತ್ತೇನೆ. ಮಗಳ ಪರೀಕ್ಷೆಗೆ ಅವರ ಅಪ್ಪ ಮನೆಯಲ್ಲಿ ಇರಬಹುದಲ್ಲ?

ಟ್ರಾವೆಲ್ ಡೆಸ್ಕ್ ಹಳಬ ಉತ್ತರ:

ಹುಬ್ಬಳ್ಳಿ ಸರ್, ಕೆಟ್ಟ ದಿನದ ಮಾತು ಒಪ್ಪಿದೆ. ಆದರೆ ಒಂದು ನೋಡಿ. ನಡುವೆ ಒಂದು ಊರಿನಲ್ಲಿ ಇಳಿದು ಹತ್ತುವ ದಾರಿಯಲ್ಲೇ ಇಂಥ ದಿನ ಜಾಸ್ತಿ ಬರುತ್ತದೆ. ಚಳಿಗಾಲದಲ್ಲಿ ದೆಹಲಿ ಅಂದರೆ ಮಂಜು ಇದ್ದದ್ದೇ. ಡಿಸೆಂಬರ್, ಜನವರಿಯಲ್ಲಿ ನಾನು ಯಾರಿಗೂ ದೆಹಲಿಯಲ್ಲಿ ಬೆಳಗಿನ ಹೊತ್ತು ಚಿಕ್ಕ ಕನೆಕ್ಷನ್ ಕೊಡುತ್ತಿರಲಿಲ್ಲ. ಕೊಡಲೇಬೇಕಾಗಿ ಬಂದರೆ ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿರುವಂತೆ ನೋಡಿಕೊಳ್ಳುತ್ತಿದ್ದೆ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾದಾಗ ಎರಡನೆಯದರ ಹೊಣೆ ಯಾರೂ ಹೊರುವುದಿಲ್ಲ, ಗೋಲ್ಡ್ ಇದ್ದರೂ ಅಷ್ಟೇ.

ಮೇಡಂ, ಇದೇ ಕಾರಣಕ್ಕೆ ನಿಮ್ಮ ಸ್ಟುಟ್‌ಗಾರ್ಟ್ ರೈಲನ್ನೂ ವಿಮಾನದ ಟಿಕೆಟ್ ಜೊತೆಗೇ ಮಾಡಿಸಿ. ಲುಫ್ತಾನ್ಸಾ ಎಕ್ಸ್‌ಪ್ರೆಸ್ ರೈಲ್ ಅಂತ ಇದೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ದೂರದ ರೈಲುಗಳ ಸ್ಟೇಷನ್‌ನಿಂದ ಸ್ಟುಟ್‌ಗಾರ್ಟ್‌ಗೆ ಹೋಗುವ ಐಸಿಇ ಅನ್ನುವ ವೇಗದ ರೈಲಿಗೇ ವಿಮಾನದ ಹಾಗೆ ನಂಬರ್ ಕೊಟ್ಟು ಅದೇ ಟಿಕೆಟ್‌ನಲ್ಲಿ ಸೇರಿಸುತ್ತಾರೆ. ಒಂದೂಕಾಲು ಗಂಟೆ ಆಸುಪಾಸಿನ ಪ್ರಯಾಣ. ವಿಮಾನ ತಡವಾಗಿ ರೈಲು ತಪ್ಪಿದರೆ ಮುಂದಿನ ರೈಲಿಗೆ ಹಾಕಿಕೊಡುವುದು ಅವರ ಜವಾಬ್ದಾರಿ. ಪೆಟ್ಟಿಗೆಯನ್ನು ಮಾತ್ರ ಫ್ರಾಂಕ್‌ಫರ್ಟ್‌ನಲ್ಲಿ ನೀವೇ ಇಳಿಸಿಕೊಂಡು ರೈಲಿಗೆ ಹತ್ತಿಸಬೇಕು. ನಿಮ್ಮ ಸೊಂಟದ ವಿಷಯ ಓದಿದ ಮೇಲೆ ಇದನ್ನು ಹೇಳದೆ ಬಿಡಲು ಮನಸ್ಸಾಗಲಿಲ್ಲ. ಭಾರ ಜಾಸ್ತಿ ಇದ್ದ ದಿನ ಫ್ರಾಂಕ್‌ಫರ್ಟ್‌ನಿಂದ ಸ್ಟುಟ್‌ಗಾರ್ಟ್‌ಗೆ ವಿಮಾನದಲ್ಲೇ ಹೋಗುವುದು ಮೇಲು. ಆಗ ಪೆಟ್ಟಿಗೆ ಸಿಗುವುದು ಸ್ಟುಟ್‌ಗಾರ್ಟ್ ಬೆಲ್ಟಿನಲ್ಲಿ. ನಡುವೆ ಕಾಯುವ ಹೊತ್ತಿನಲ್ಲಿ ನಿಮ್ಮ ಗೋಲ್ಡ್‌ಗೆ ಸೆನೆಟರ್ ಲೌಂಜ್ ಕೂಡ ತೆರೆದಿರುತ್ತದೆ. ಲೌಂಜ್ ಸಿಗುವುದು ಮುಂದೆ ಹತ್ತುವ ವಿಮಾನ ಇದ್ದರೆ ಅನ್ನುವುದು ಗೊತ್ತಿರಲಿ.

ಪೀಣ್ಯ ಎರಡನೇ ಹಂತ ಉತ್ತರ:

ಎಲ್ಲರಿಗೂ ಮನಸಾರೆ ಧನ್ಯವಾದ. ಲೆಕ್ಕ ಈಗ ರೂಪಾಯಿಯದು ಅನ್ನುವ ಮಾತು ಓದಿ ನಿನ್ನೆ ರಾತ್ರಿ ಖಾತೆ ತೆರೆದು ಒಂದೊಂದೇ ಪ್ರಯಾಣ ನೋಡಿದೆ. ಹಳಬರು ಹೇಳಿದ ಹಾಗೆಯೇ ಇದೆ. ಕೊನೆ ಗಳಿಗೆಯಲ್ಲಿ ದುಬಾರಿ ಬೆಲೆಗೆ ತೆಗೆದ ಗುರುಗ್ರಾಮ ಟಿಕೆಟ್‌ಗಳಿಗೆ ಒಳ್ಳೆಯ ಪಾಯಿಂಟ್ ಬಂದಿದೆ.

ಹುಬ್ಬಳ್ಳಿಯವರೇ, ನಿಮ್ಮ ಮಾತಿನಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನಿಲ್ಲ. ಕಾರ್ಡ್ ಬೇಕು ಅಂತ ನನಗೂ ಅನಿಸುತ್ತದೆ. ಮಗಳಿಗೆ ಅಪ್ಪ ಇದ್ದಾರೆ, ನೋಡಿಕೊಳ್ಳುತ್ತಾರೆ ಕೂಡ. ಆದರೆ ಗಣಿತದ ಪರೀಕ್ಷೆಯ ಹಿಂದಿನ ರಾತ್ರಿ ಅವಳು ನನ್ನ ಹತ್ತಿರವೇ ಕೂರುವುದು. ಆ ರಾತ್ರಿ ನಾನು ಮನೆಯಲ್ಲಿ ಇರಬೇಕು.

ಫೆಬ್ರವರಿಯ ಟಿಕೆಟ್‌ಗೆ ಇವತ್ತೇ ನಮ್ಮ ಡೆಸ್ಕ್‌ಗೆ ಬರೆದೆ. ಬೆಂಗಳೂರು–ಫ್ರಾಂಕ್‌ಫರ್ಟ್ ನೇರ, ಮುಂದೆ ಸ್ಟುಟ್‌ಗಾರ್ಟ್‌ಗೆ ವಿಮಾನ, ಎಲ್ಲ ಒಂದೇ ಟಿಕೆಟ್‌ನಲ್ಲಿ, ಮಹಾರಾಜ ಕ್ಲಬ್ ಸಂಖ್ಯೆಯ ಜೊತೆ. ಬ್ಯಾಗ್ ಸೇರಿದ ದರವನ್ನೇ ಕೇಳಿದ್ದೇನೆ. ಮಾರ್ಚಿನೊಳಗೆ ಗುರುಗ್ರಾಮಕ್ಕೆ ಹೇಗೂ ಹೋಗಬೇಕು, ಅದನ್ನು ಏರ್ ಇಂಡಿಯಾದಲ್ಲಿ ಮಾಡಿಸುತ್ತೇನೆ. ಗೋಥೆನ್‌ಬರ್ಗ್‌ನವರು ಹೇಳಿದ 261ರ ವಿಷಯವನ್ನು ನಮ್ಮ ಸರ್ವಿಸ್ ತಂಡದ ಹುಡುಗರಿಗೂ ಕಳಿಸಿದ್ದೇನೆ, ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಳಬರೇ, ಇನ್ನೊಂದು ಕೇಳಬೇಕಿತ್ತು. ಸ್ಯಾಂಪಲ್ ತುಂಡುಗಳಿಗೆ ಕಂಪನಿ ಲೆಟರ್‌ಹೆಡ್‌ನಲ್ಲಿ ಪತ್ರ, ಪ್ರೊಫಾರ್ಮಾ ಇನ್ವಾಯ್ಸ್ ಇಟ್ಟುಕೊಳ್ಳುತ್ತೇನೆ. ಗೇಜ್‌ಗಳು ಮಾತ್ರ ಹೋಗಿ ವಾಪಸ್ ಬರುವ ಸಾಮಾನು. ನಮ್ಮ ಎಕ್ಸ್‌ಪೋರ್ಟ್ ವಿಭಾಗದವರು ಅದಕ್ಕೆ ಎಟಿಎ ಕಾರ್ನೆ, ಅಂದರೆ ತಾತ್ಕಾಲಿಕವಾಗಿ ಒಯ್ದು ವಾಪಸ್ ತರುವ ಸಾಮಾನಿನ ಕಸ್ಟಮ್ಸ್ ಪತ್ರ, ಮಾಡಿಸೋಣ ಅನ್ನುತ್ತಿದ್ದಾರೆ. ನಿಮ್ಮ ಡೆಸ್ಕ್‌ನಲ್ಲಿ ಕೈಸಾಮಾನಿನ ಜೊತೆ ಕಾರ್ನೆ ಹಿಡಿದು ನಸುಕಿನ ವಿಮಾನ ಹತ್ತಿದವರು ಇದ್ದರಾ? ಅದರ ಮೇಲೆ ಕಸ್ಟಮ್ಸ್ ಮೊಹರು ಹಾಕಿಸಿಕೊಳ್ಳೋಕೆ ನಿಲ್ದಾಣಕ್ಕೆ ಎಷ್ಟು ಮುಂಚೆ ಹೋಗಬೇಕು?